ಫ್ಯಾನ್ ಬಂದ್ ಮಾಡಿದ ಕೈ

ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಮಂಡಕ್ಕಿ ಶೆಡ್ಡಿನ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಆರಿಸಿದೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಆರಿಸಿದ ಕೂಡಲೇ ಒಳಗಿನದೊಂದು ಫೋಟೊ ತೆಗೆದು ಕಚೇರಿಯ ಗುಂಪಿಗೆ ಕಳಿಸಿ, ಕೆಳಗೆ ‘ಎಲ್ಲಾ ರೆಡಿ’ ಎಂದು ಬರೆದಿದ್ದೆ. ಆ ಸಂದೇಶ ನನ್ನ ಮೊಬೈಲಿನಲ್ಲಿ ಈಗಲೂ ಇದೆ. ಫೋಟೊದಲ್ಲಿ ಆರು ಹೆಂಗಸರು ತಲೆಗೆ ಬಿಳಿ ಟೋಪಿ ಹಾಕಿಕೊಂಡು ನಗುತ್ತಿದ್ದಾರೆ. ನೆಲ ಸ್ವಚ್ಛವಾಗಿದೆ. ಒಂದು ಕಾಳು ಮಂಡಕ್ಕಿಯೂ ಹಾರಾಡುತ್ತಿಲ್ಲ. ನನಗೆ ಬೇಕಾಗಿದ್ದೂ ಅದೇ.

ಆ ದಿನ ಮಧ್ಯಾಹ್ನದೊಳಗೆ ಅತಿಥಿಗಳು ಬರುವವರಿದ್ದರು. ಕಂಪನಿಯ ದೊಡ್ಡ ಕಚೇರಿಯಿಂದ ಇಬ್ಬರು, ಇಲಾಖೆಯಿಂದ ಒಬ್ಬ ಸಾಹೇಬರು, ಜೊತೆಗೆ ವಿಡಿಯೊ ಮಾಡುವವರು. ನಮ್ಮದು ಮೂರು ಕೈ ಸೇರಿ ಮಾಡಿದ ಉದ್ಯಮ. ಸರ್ಕಾರ ಹರಿಹರದ ಹೊರಗೆ ಜಾಗ ಕೊಟ್ಟು ಶೆಡ್ ಕಟ್ಟಿಸಿತ್ತು. ಒಂದು ಖಾಸಗಿ ಕಂಪನಿ ಯಂತ್ರ ತಂದು ಕೂರಿಸಿ, ತಯಾರಾದ ಮಾಲನ್ನು ಕೊಳ್ಳುವುದಾಗಿ ಒಪ್ಪಿಕೊಂಡಿತ್ತು. ಭಾನುವಳ್ಳಿ, ನಂದಿಗುಡಿ ಕಡೆಯ ಆರು ಹೆಂಗಸರ ಸಂಘ ಅದನ್ನು ನಡೆಸಬೇಕಿತ್ತು. ಈ ಮೂವರ ನಡುವೆ ಕಾಗದ, ಮಾತು, ಮುನಿಸು ಎಲ್ಲವನ್ನೂ ಹೊತ್ತು ಓಡಾಡಲು ಒಬ್ಬ ಸಂಯೋಜಕಿ ಬೇಕಾಗಿತ್ತು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ಅಮ್ಮನ ಜೊತೆ ಕೂತಿದ್ದ ನನಗೆ ಆ ಕೆಲಸ ಸಿಕ್ಕಿತು. ದಿನಾ ಸ್ಕೂಟಿಯಲ್ಲಿ ಹರಿಹರಕ್ಕೆ ಹೋಗಿ ಬರುತ್ತಿದ್ದೆ.

ಯಂತ್ರದ ವಿಶೇಷವೆಂದರೆ ಹೊಗೆ ಇಲ್ಲ. ಭತ್ತದ ಹೊಟ್ಟನ್ನು ಒಂದು ಕಬ್ಬಿಣದ ಗೋಪುರದೊಳಗೆ ಅರೆಬರೆ ಉರಿಸಿ, ಅದರಿಂದ ಬರುವ ಗ್ಯಾಸನ್ನು ಕೊಳವೆಯಲ್ಲಿ ಒಲೆಗೆ ತರುತ್ತಿದ್ದರು. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಅದರೊಳಗೆ ಎರಚಿದರೆ ಕಣ್ಣು ಮಿಟುಕಿಸುವುದರೊಳಗೆ ಅರಳಿ ಬಾಣಲೆಯ ತುಂಬ ಬೆಳ್ಳಗಾಗುತ್ತಿತ್ತು. ದಾವಣಗೆರೆಯ ಹಳೆಯ ಭಟ್ಟಿಗಳ ಹೊಗೆ ಕುಡಿದು ಬೆಳೆದ ನಮಗೆ ಆ ಶೆಡ್ಡು ಆಸ್ಪತ್ರೆಯಷ್ಟು ಶುದ್ಧವಾಗಿ ಕಾಣುತ್ತಿತ್ತು.

ಹೆಂಗಸರ ಪೈಕಿ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಭಾನುವಳ್ಳಿಯವಳು. ಗಂಡ ಹೋದ ಮೇಲೆ ದಾವಣಗೆರೆಯ ಭಟ್ಟಿಯೊಂದರಲ್ಲಿ ಇಪ್ಪತ್ತು ವರ್ಷ ಮರಳು ತಿರುವಿದವಳು. ಮರಳಿನ ಮೇಲೆ ಅಂಗೈ ಹಿಡಿದು ಕಾವು ಹೇಳುತ್ತಿದ್ದಳು. ಕಂಪನಿಯ ಇಂಜಿನಿಯರ್ ಮೀಟರು ಹಿಡಿದು ನೋಡಿದರೆ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು. ಅವಳ ಸೊಸೆಯೂ ಅದೇ ಸಂಘದಲ್ಲಿದ್ದಳು. ಇಬ್ಬರೂ ಬೆಳಗಿನ ಬಸ್ಸಿನಲ್ಲಿ ಒಂದೇ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ದೊಡ್ಡವ್ವನಿಗೂ ಫ್ಯಾನಿಗೂ ಮೊದಲ ದಿನದಿಂದ ಜಗಳ. ಮಂಡಕ್ಕಿ ಎಷ್ಟು ಹಗುರವೆಂದರೆ ಗೋಡೆಯ ಆ ದೊಡ್ಡ ಫ್ಯಾನು ತಿರುಗಿದರೆ ಜರಡಿಯಿಂದೆದ್ದು ಶೆಡ್ಡಿನ ತುಂಬ ಹಾರುತ್ತಿತ್ತು. ಮರಳಿನ ಕಾವೂ ಇಳಿಯುತ್ತಿತ್ತು. ಭಟ್ಟಿ ಕೆಲಸದವರಿಗೆ ಗಾಳಿಯೇ ಶತ್ರು. ಆಷಾಢ ಬಂತೆಂದರೆ ಹಳೆಯ ಭಟ್ಟಿಗಳಲ್ಲಿ ಕಿಟಕಿಗೆ, ಬಾಗಿಲ ಸಂದಿಗೆ ಗೋಣಿಚೀಲ ಕಟ್ಟಿ ಗಾಳಿ ನಿಲ್ಲಿಸುವುದು ರೂಢಿ. ನಮ್ಮ ಹೆಂಗಸರೂ ಆಷಾಢದ ಮೊದಲ ವಾರವೇ ಪಶ್ಚಿಮದ ಕಿಟಕಿಗಳಿಗೆಲ್ಲ ಗೋಣಿ ಕಟ್ಟಿದ್ದರು. ಅದನ್ನು ನೋಡಿಯೂ ನಾನು ಏನೂ ಅನ್ನಲಿಲ್ಲ. ಗೋಡೆಯ ಎಲ್ಲೆಲ್ಲಿ ಕಿಟಕಿ ಇಡಬೇಕೆಂದು ಆ ಶೆಡ್ ಕಟ್ಟಿದವರು ಇವರನ್ನು ಕೇಳಿರಲಿಲ್ಲ. ಗೋದಾಮಿನ ನಕ್ಷೆಯನ್ನೇ ತಂದು ಕಟ್ಟಿದ್ದರು.

ಫ್ಯಾನ್ ಬಂದ್ ಮಾಡಿರೆಂದು ದೊಡ್ಡವ್ವ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಇಂಜಿನಿಯರ್ ಆಗದು ಎನ್ನುತ್ತಿದ್ದರು. ಯಾಕೆಂದು ಬಿಡಿಸಿ ಹೇಳುತ್ತಿರಲಿಲ್ಲ, ‘ರೂಲ್ಸು’ ಎನ್ನುತ್ತಿದ್ದರು.

“ಸರ್ಕಾರದ ಗಾಳಿ ಕಿಟಕ್ಯಾಗ, ಕಂಪನಿ ಗಾಳಿ ಗ್ವಾಡ್ಯಾಗ. ನಡುವೆ ನನ್ನ ಮಂಡಕ್ಕಿ ಯಾವ ಕಡೆ ಹೋಗ್ಬೇಕ್ರಿ?” ಎಂದು ಅವಳು ಕೇಳಿದಾಗ ಎಲ್ಲರೂ ನಕ್ಕಿದ್ದರು. ಇಂಜಿನಿಯರ್ ಕೂಡ ನಕ್ಕಿದ್ದರು. ಆದರೆ ಅವಳು ತಾನಾಗಿ ಒಂದು ದಿನವೂ ಆ ಸ್ವಿಚ್ಚು ಮುಟ್ಟಲಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಮುಟ್ಟಬೇಡ ಎಂದರೆ ಮುಟ್ಟುವವಳಲ್ಲ ಅವಳು.

ಮುಟ್ಟಿದ್ದು ನಾನು. ಅತಿಥಿಗಳು ಬಂದಾಗ ನೆಲದ ತುಂಬ ಮಂಡಕ್ಕಿ ಹಾರಾಡುತ್ತಿದ್ದರೆ ವಿಡಿಯೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎನ್ನಿಸಿತು. ಒಂದೆರಡು ಗಂಟೆಯ ಮಾತು, ಅವರು ಹೋದ ಮೇಲೆ ಹಾಕಿದರಾಯಿತು ಎಂದುಕೊಂಡೆ. ಸ್ವಿಚ್ಚಿನ ಪೆಟ್ಟಿಗೆ ಬಾಗಿಲ ಹಿಂದಿನ ಗೋಡೆಯಲ್ಲಿತ್ತು. ಹೆಂಗಸರು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಯಾರೂ ನೋಡಲಿಲ್ಲ. ಫ್ಯಾನು ನಿಧಾನವಾಗಿ ನಿಂತಾಗ ದೊಡ್ಡವ್ವ ತಲೆಯೆತ್ತಿ, “ಕರೆಂಟ್ ಹೋತೇನು? ಚಲೋ ಆತು ಬಿಡು” ಎಂದಳು. ಒಲೆಯ ಸದ್ದಿನಲ್ಲಿ ಅದು ಉಳಿದವರಿಗೆ ಕೇಳಿಸಲಿಲ್ಲ. ನಾನು ಫೋಟೊ ತೆಗೆಯುತ್ತಿದ್ದೆ. ಆಮೇಲೆ ಕಿಟಕಿಯ ಗೋಣಿಗಳು ಅಸಹ್ಯವಾಗಿ ಕಾಣುತ್ತವೆಂದು ಅವುಗಳ ಮೇಲೆ ಒಂದು ಫ್ಲೆಕ್ಸ್ ಕಟ್ಟಿಸಿದೆ.

ಅಷ್ಟರಲ್ಲಿ ಅತಿಥಿಗಳಿಗೆ ದಾರಿ ತಪ್ಪಿ ಫೋನ್ ಬಂತು. ದಾರಿ ಹೇಳಲು ಗೇಟಿನವರೆಗೆ ಹೋದೆ. ಬಾಗಿಲನ್ನು ಎಳೆದುಕೊಂಡೇ ಹೋದೆ, ಗಾಳಿಗೆ ಪಟಪಟ ಬಡಿಯುತ್ತಿತ್ತು. ಅರ್ಧ ಗಂಟೆಯ ಮೇಲೆ ಗೇಟಿನಲ್ಲೇ ಇದ್ದೆ. ನಾನು ಉಳಿದದ್ದು ಅದರಿಂದ.

ಹಿಂದಿರುಗಿದಾಗ ಇಬ್ಬರು ಗೋಡೆಗೆ ಒರಗಿ ಕೂತಿದ್ದರು. ತಲೆ ಸಿಡಿಯುತ್ತದೆ ಎಂದರು. ಒಬ್ಬಳಿಗೆ ವಾಂತಿ ಬಂದ ಹಾಗೆ. ಆಷಾಢದ ಶುಕ್ರವಾರ, ಇಬ್ಬರೂ ಒಪ್ಪತ್ತು ಇದ್ದರು. ಹೊಟ್ಟೆಗೆ ಇಲ್ಲದ್ದಕ್ಕೆ ಹೀಗಾಗಿದೆ ಎಂದು ದೊಡ್ಡವ್ವ ಬಯ್ಯುತ್ತಲೇ ನೀರು ಕೊಟ್ಟಳು. ನಾನು ಬ್ಯಾಗಿನಿಂದ ತಲೆನೋವಿನ ಮಾತ್ರೆ ತೆಗೆದು ಕೊಟ್ಟೆ. ಆ ಮಾತ್ರೆ ಕೊಟ್ಟ ನನ್ನ ಕೈಯನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಲೆಕ್ಕವಿಲ್ಲ. ಅವರನ್ನು ಹೊರಗೆ ಕರೆದುಕೊಂಡು ಹೋಗಬೇಕಾಗಿತ್ತು. ಅದರ ಬದಲು, ಅತಿಥಿಗಳು ಬರುವವರೆಗೆ ಸ್ವಲ್ಪ ಕೂತಿರಿ, ಆಮೇಲೆ ಎದ್ದರಾಯಿತು ಎಂದೆ.

ಹಳೆಯ ಭಟ್ಟಿಯಾಗಿದ್ದರೆ ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಜನ ತಾವಾಗಿ ಹೊರಗೆ ಓಡುತ್ತಿದ್ದರು. ಈ ಗ್ಯಾಸಿನಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಕ್ಕೆ ಹೊಗೆ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಕೊಳವೆಯ ಒಂದು ಜೋಡಣೆಯಿಂದ ಅದು ಎಷ್ಟೋ ದಿನದಿಂದ ಸ್ವಲ್ಪಸ್ವಲ್ಪ ಸೋರುತ್ತಿತ್ತಂತೆ. ಫ್ಯಾನು ಅದನ್ನು ಎಳೆದು ಹೊರಗೆ ಹಾಕುತ್ತಿತ್ತು. ಇದೆಲ್ಲ ಆಮೇಲೆ ತಿಳಿದದ್ದು.

ಹನ್ನೊಂದೂವರೆಯ ಸುಮಾರಿಗೆ ದೊಡ್ಡವ್ವನ ಕೈಯಿಂದ ಸಟ್ಟುಗ ಜಾರಿತು. ಬಗ್ಗಿ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ಬಗ್ಗಿದವಳು ಬಗ್ಗಿದ ಹಾಗೇ ಬಾಣಲೆಯ ಕಡೆ ವಾಲಿದಳು. ಸೊಸೆ ಸೆರಗು ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಮುಖವೇ ಮರಳಿಗೆ ಹೋಗುತ್ತಿತ್ತು. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು. ಸೊಸೆ ಏಳಲು ನೋಡಿದಳು, ಕಾಲು ಬರಲಿಲ್ಲ. ನಾನು ಓಡಬೇಕೆಂದುಕೊಂಡೆ. ಮೊಣಕಾಲು ನೀರಾದ ಹಾಗಿತ್ತು. ಹೆದರಿಕೆಗೆ ಹಾಗಾಗಿದೆ ಎಂದು ಆ ಗಳಿಗೆಯಲ್ಲೂ ತಿಳಿದುಕೊಂಡಿದ್ದೆ.

ಹೊಟ್ಟಿನ ಲೋಡು ಇಳಿಸಲು ಬಂದಿದ್ದ ಲಾರಿ ಡ್ರೈವರ್ ರಸೀದಿಗೆ ಸಹಿ ಬೇಕೆಂದು ಬಾಗಿಲು ನೂಕಿದ. ಅವನು ಹಿಂದೆ ಎಲ್ಲೋ ಬಾಯ್ಲರ್ ಇದ್ದ ಕಡೆ ಕೆಲಸ ಮಾಡಿದವನು. ಒಳಗೆ ಒಂದು ಹೆಜ್ಜೆ ಇಟ್ಟವನು ಬಿದ್ದವರನ್ನು ಕಂಡು ಹಿಂದಕ್ಕೆ ಸರಿದು, “ಹೊರಗ ಬರ್ರಿ ಎಲ್ಲಾರೂ, ಗ್ಯಾಸ್ ಐತೆ, ಬರ್ರಿ ಮೊದ್ಲು” ಎಂದು ಕೂಗಿದ. ಮೂಗಿಗೆ ಟವೆಲ್ ಕಟ್ಟಿಕೊಂಡು ಮತ್ತೆ ಮತ್ತೆ ಒಳಗೆ ಹೋದ. ನನ್ನನ್ನು ತೋಳು ಹಿಡಿದು ಎಳೆದು ಹೊರಗೆ ಬಿಟ್ಟ. ಬಯಲಿನಲ್ಲಿ ಬಿದ್ದ ಮೇಲೆ ಆಷಾಢದ ಗಾಳಿ ಮುಖಕ್ಕೆ ಬಡಿಯಿತು. ಅದೇ ಗಾಳಿಯನ್ನು ಒಳಗೆ ಬಿಡಬಾರದೆಂದು ನಾವೆಲ್ಲ ಎಷ್ಟು ಶ್ರಮ ಪಟ್ಟಿದ್ದೆವು.

ಲಾರಿಯ ಹೊಟ್ಟಿನ ಮೇಲೆಯೇ ಎಲ್ಲರನ್ನೂ ಮಲಗಿಸಿಕೊಂಡು ಹರಿಹರದ ಆಸ್ಪತ್ರೆಗೆ ಹೋದೆವು. ದಾರಿ ತಪ್ಪಿದ್ದ ಅತಿಥಿಗಳು ಬಂದಾಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲವಂತೆ. ಐವರು ಆಮ್ಲಜನಕ ಹಾಕಿದ ಮೇಲೆ ಸಂಜೆಯೊಳಗೆ ಎದ್ದು ಕೂತರು. ದೊಡ್ಡವ್ವ ಕಣ್ಣು ಬಿಡಲಿಲ್ಲ. ಅವಳನ್ನು ದಾವಣಗೆರೆಗೆ ಕಳಿಸಿದರು. ಎರಡು ದಿನ ನಾನೂ ಸೊಸೆಯೂ ಐಸಿಯು ಹೊರಗಿನ ಬೆಂಚಿನಲ್ಲಿ ಕೂತೆವು. ಸೊಸೆ ಒಮ್ಮೆ, ಅತ್ತೆಗೆ ಮುಂಜಾನೆ ಬುತ್ತಿ ಬಿಚ್ಚಲಿಕ್ಕೂ ಆಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮೂರನೆಯ ದಿನ ದೊಡ್ಡವ್ವನಿಗೆ ಪ್ರಜ್ಞೆ ಬಂತು. ಮಗನನ್ನು ಗುರುತಿಸಿದಳು, ಸೊಸೆಯನ್ನು ಗುರುತಿಸಿದಳು, ನನ್ನನ್ನು ನೋಡಿ “ಮೇಡಮ್ಮ, ಚಲೋ ಅದೀರಿ?” ಎಂದು ಕೇಳಿದಳು. ಆದರೆ ಆ ಬೆಳಗಿನದು ಅವಳಿಗೆ ಏನೂ ನೆನಪಿರಲಿಲ್ಲ. ಬಸ್ಸು ಹತ್ತಿದ್ದು ಗೊತ್ತು, ಅಲ್ಲಿಂದ ಮುಂದೆ ಖಾಲಿ. ಈ ಗ್ಯಾಸು ಕುಡಿದವರಿಗೆ ಹಾಗಾಗುತ್ತದೆ, ಆ ಹೊತ್ತು ವಾಪಸ್ಸು ಬರಲಿಕ್ಕಿಲ್ಲ ಎಂದರು ವೈದ್ಯರು.

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಅವಳಿಗೆ ಮರೆತದ್ದು ನನಗೊಬ್ಬಳಿಗೇ ಗೊತ್ತಿತ್ತು.

ಎರಡು ಕಡೆಯಿಂದ ವರದಿಗಳು ತಯಾರಾದವು. ಇಲಾಖೆಯವರು, ಯಂತ್ರ ಕಂಪನಿಯದು, ನಿರ್ವಹಣೆ ಸಂಘದ್ದು ಎಂದು ಬರೆದರು. ಕಂಪನಿಯವರು, ಕಟ್ಟಡ ಇಲಾಖೆಯದು, ಕಿಟಕಿ ಮುಚ್ಚಿದ್ದು ಹೆಂಗಸರು ಎಂದು ಬರೆದರು. ತಪಾಸಣೆಗೆ ಬಂದ ಎಲೆಕ್ಟ್ರಿಷಿಯನ್ ಇನ್ನೊಂದು ವಿಷಯ ಕಂಡುಹಿಡಿದ. ಗ್ಯಾಸು ಸೋರಿದರೆ ಕೂಗಬೇಕಾದ ಅಲಾರಮ್ಮಿನ ವೈರನ್ನೂ ಫ್ಯಾನಿನ ಸ್ವಿಚ್ಚಿಗೇ ಜೋಡಿಸಿದ್ದರು. ಫ್ಯಾನು ಆರಿದರೆ ಅದೂ ಸತ್ತುಹೋಗುತ್ತಿತ್ತು. ವೈರು ಎಳೆದದ್ದು ಕಂಪನಿಯ ಜನ, ಪರೀಕ್ಷೆ ಮಾಡಿ ಸರಿಯಿದೆ ಎಂದು ಸಹಿ ಹಾಕಿದ್ದು ಇಲಾಖೆಯವರು. ಹೀಗಾಗಿ ಇಬ್ಬರೂ ಆ ವಿಷಯವನ್ನು ಮೆಲ್ಲಗೆ ದಾಟಿಸಿದರು. ಉಳಿದದ್ದು ಒಂದೇ ಪ್ರಶ್ನೆ: ಫ್ಯಾನ್ ಆರಿಸಿದವರು ಯಾರು?

ದಾವಣಗೆರೆಯ ಕಚೇರಿಯಲ್ಲಿ ಸಭೆ ಸೇರಿತು. ಇಂಜಿನಿಯರ್ ಕೆಟ್ಟ ಮನುಷ್ಯರಲ್ಲ. ಅವರು ತಾವು ನಂಬಿದ್ದನ್ನೇ ಹೇಳಿದರು. ಆ ಅಜ್ಜಿ ಮೊದಲಿನಿಂದಲೂ ಫ್ಯಾನ್ ಬೇಡ ಅಂತಿದ್ದಳು, ಅವಳೇ ಆರಿಸಿರಬೇಕು ಎಂದರು. ಸಾಹೇಬರು ನನ್ನ ಕಡೆ ನೋಡಿದರು. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆಯಿತ್ತು. ನಾನು ಬಿಸ್ಕತ್ತನ್ನು ನೋಡುತ್ತ, ಆ ಸಮಯದಲ್ಲಿ ನಾನು ಗೇಟಿನ ಹತ್ತಿರ ಇದ್ದೆ ಎಂದೆ. ಅದು ಸುಳ್ಳಲ್ಲ. ಹನ್ನೊಂದು ಗಂಟೆಗೆ ನಾನು ಗೇಟಿನ ಹತ್ತಿರವೇ ಇದ್ದೆ. ‘ಹಿರಿಯ ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದುಕೊಂಡರು.

ಅದು ಭಾನುವಳ್ಳಿಗೆ ತಲುಪಲು ಎರಡು ದಿನವೂ ಹಿಡಿಯಲಿಲ್ಲ.

ದೊಡ್ಡವ್ವನನ್ನು ನೋಡಿಕೊಂಡು ಬರಲು ಹೋದಾಗ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಬರ್ರಿ, ಕೂಡ್ರಿ ಎಂದು ಚಾಪೆ ತೋರಿಸಿದಳು. ಸೊಸೆ ಚಹಾ ತಂದಿಟ್ಟಳು. ದೊಡ್ಡವ್ವ ಸೊಸೆಯ ಕಡೆ ನೋಡಲಿಲ್ಲ, ಅವಳು ಒಳಗೆ ಹೋಗುವವರೆಗೆ ನೆಲ ನೋಡುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, ತನಗೆ ಎಷ್ಟು ನೆನೆಸಿಕೊಂಡರೂ ನೆನಪಾಗುತ್ತಿಲ್ಲ, ಆದರೆ ಎಲ್ಲರೂ ಹೇಳುವುದು ನೋಡಿದರೆ ತಾನೇ ಮಾಡಿರಬೇಕು ಎಂದಳು.

“ಕೈ ತಾನಾಗೇ ಹೋಗಿರ್ಬೇಕು ತಂಗಿ. ಇಪ್ಪತ್ತು ವರ್ಷದ ಚಾಳಿ. ಐದು ಮನಿ ದೀಪ ಆರಿಸ್ತಿದ್ನಲ್ಲ ನಾನು. ಸೊಸಿ ಮುಖ ಹೆಂಗೆ ನೋಡ್ಲಿ?”

ನನ್ನ ಬಾಯಿಯವರೆಗೆ ಬಂದಿತ್ತು. ಚಹಾ ಕುಡಿದೆ. ನಿಮ್ಮ ತಪ್ಪಲ್ಲ ಬಿಡಿ ಎಂದೆ. ಎಲ್ಲರೂ ಹಾಗೆ ಅನ್ನುತ್ತಾರೆ ಎಂದಳು ಅವಳು. ಇನ್ನು ಭಟ್ಟಿಯ ಕಡೆ ಬರುವುದಿಲ್ಲ, ತನ್ನ ಕೈಯನ್ನು ತಾನೇ ನಂಬುವುದಿಲ್ಲ ಎಂದಳು. ಅಂಗೈಯಿಂದ ಕಾವು ಹೇಳುತ್ತಿದ್ದ ಹೆಂಗಸು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ನಾನು ಬೇಕಾದಷ್ಟು ನ್ಯಾಯ ಹೇಳಿಕೊಂಡೆ. ಗೋಣಿ ಕಟ್ಟಿದ್ದು ಅವರೇ. ವೈರು ಜೋಡಿಸಿದ್ದು ಕಂಪನಿ. ಆರಿಸಬಾರದ ಕಾರಣವನ್ನು ಯಾರೂ ನನಗೂ ಹೇಳಿರಲಿಲ್ಲ. ಎಲ್ಲವೂ ನಿಜ. ಮೂರು ಜನ ಸೇರಿ ಮಾಡಿದ ಕೆಲಸದಲ್ಲಿ ತಪ್ಪನ್ನು ಪಾಲು ಮಾಡುವುದು ಬಹಳ ಸುಲಭ. ಪ್ರತಿಯೊಬ್ಬರ ಪಾಲಿಗೂ ಮರೆತುಬಿಡಬಹುದಾದಷ್ಟು ಸಣ್ಣ ತುಂಡು ಬರುತ್ತದೆ. ಅವಳಿಗೆ ಮಾತ್ರ ಇಡಿಯಾಗಿ ಕೊಟ್ಟಿದ್ದೆವು.

ನಿದ್ದೆ ಹತ್ತುತ್ತಿತ್ತು, ನಿಲ್ಲುತ್ತಿರಲಿಲ್ಲ. ಫ್ಯಾನು ನಿಧಾನವಾಗಿ ನಿಲ್ಲುವುದು ಕಾಣುತ್ತಿತ್ತು, ಎದ್ದುಬಿಡುತ್ತಿದ್ದೆ. ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಡುತ್ತಿದ್ದೆ. ಸೊಳ್ಳೆ ಬರುತ್ತವೆ ಎಂದು ಅಮ್ಮ ಮೊದಮೊದಲು ಗೊಣಗಿದಳು, ಆಮೇಲೆ ಸುಮ್ಮನೆ ಸೊಳ್ಳೆಪರದೆ ಕಟ್ಟಿದಳು. ಗ್ಯಾಸ್ ಒಲೆಯ ರೆಗ್ಯುಲೇಟರನ್ನು ದಿನಕ್ಕೆ ಎಷ್ಟೋ ಸಲ ಮುಟ್ಟಿ ನೋಡುತ್ತಿದ್ದೆ. ಯಾರಾದರೂ ತಲೆನೋವು ಎಂದರೆ ಮೊದಲು ಹೊರಗೆ ಕರೆದುಕೊಂಡು ಹೋಗುತ್ತಿದ್ದೆ.

ತಿಂಗಳು ಕಳೆದ ಮೇಲೆ ಎರಡನೆಯ ಸಭೆ ಕರೆದರು. ಘಟಕವನ್ನು ಮುಚ್ಚುವುದು ಯಾರಿಗೂ ಬೇಕಿರಲಿಲ್ಲ. ಕೊಳವೆ ಹೊಸದು, ಅಲಾರಮ್ಮಿಗೆ ಬೇರೆ ಲೈನು, ಛಾವಣಿಯಲ್ಲಿ ಗಾಳಿಗಂಡಿ, ಜರಡಿಯ ಸುತ್ತ ಮಂಡಕ್ಕಿ ಹಾರದ ಹಾಗೆ ಬಲೆ. ಎಲ್ಲಾ ಮಾತಾಗಿತ್ತು. ಕೊನೆಗೊಂದು ಷರತ್ತು ಓದಿದರು: ಹಿರಿಯ ಕೆಲಸಗಾರ್ತಿಯನ್ನು ಯಂತ್ರದ ಹತ್ತಿರ ಬಿಡತಕ್ಕದ್ದಲ್ಲ. ಸಂಘದ ಪರವಾಗಿ ಸೊಸೆ ಬಂದಿದ್ದಳು. ಸಹಿ ಹಾಕಲು ಪೆನ್ನು ಅವಳ ಮುಂದಿಟ್ಟರು. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಅದನ್ನು ನೋಡುತ್ತ ಕೂತಳು.

ನಾನು ಮೊಬೈಲ್ ತೆಗೆದು ಆ ಫೋಟೊ ತೋರಿಸಿದೆ. ಅದರಲ್ಲಿ ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ದೊಡ್ಡವ್ವ ಸ್ವಿಚ್ಚಿನಿಂದ ಎಷ್ಟೋ ದೂರ, ಬಾಣಲೆಯ ಆಚೆ ನಿಂತಿದ್ದಾಳೆ. ಫೋಟೊ ತೆಗೆಯುವ ಮುಂಚೆ ನಾನೇ ಆರಿಸಿದೆ ಎಂದೆ.

ಸಾಹೇಬರು ಕನ್ನಡಕ ತೆಗೆದರು. “ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?” ಎಂದರು.

ನಾನು ಮೊಬೈಲನ್ನು ಮೇಜಿನ ಮೇಲಿಟ್ಟೆ. ಇಂಜಿನಿಯರ್ ತಾವಾಗಿ, ಆರಿಸಬಾರದ ಕಾರಣ ಹೇಳದೇ ಇದ್ದದ್ದು ತಮ್ಮ ತಪ್ಪು ಎಂದು ಒಂದು ಮಾತು ಸೇರಿಸಿದರು. ಅದು ಅವರ ದೊಡ್ಡತನ. ಷರತ್ತು ತೆಗೆದುಹಾಕಿದರು. ನನ್ನ ಗುತ್ತಿಗೆಯನ್ನು ಆ ವಾರವೇ ಮುಗಿಸಿದರು. ಅದು ನ್ಯಾಯವೇ. ಸೊಸೆ ಸಹಿ ಹಾಕಿ ಎದ್ದು ಹೊರಗೆ ಬಂದಳು. ಮೆಟ್ಟಿಲಿನ ಮೇಲೆ ನನ್ನನ್ನು ದಾಟಿ ಹೋಗುವಾಗ ನಿಂತು ಹೇಳಿದಳು: “ಇದನ್ನ ನಾ ಹೇಳಾದಿಲ್ಲ. ನೀವೇ ಬಂದು ಹೇಳ್ರಿ.”

ಮರುದಿನ ಭಾನುವಳ್ಳಿಗೆ ಹೋದೆ. ದೊಡ್ಡವ್ವ ಅದೇ ಕಂಬದ ಹತ್ತಿರ ಶೇಂಗಾಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದದ್ದು ಮುಗಿಸಿ, ಇನ್ನೊಂದು ತೆಗೆದುಕೊಂಡು, ಅದನ್ನೂ ಮುಗಿಸಿದಳು. ಬಯ್ಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಹೆದರಿದೆ.

“ಫ್ಯಾನ್ ಆರ್ಸಿದ್ದು ಇರ್ಲಿ. ಗೊತ್ತಿಲ್ದ ಮಾಡಿದ್ದು” ಎಂದಳು. “ಅವತ್ತು ಬಂದು ಇಲ್ಲೇ ಕೂತು ಚಾ ಕುಡ್ದು ಹೋದ್ಯಲ್ಲ, ಅದು ಗೊತ್ತಿದ್ದೇ ಮಾಡಿದ್ದು. ಒಂದು ತಿಂಗಳು ನನ್ನ ಸೊಸಿ ಮುಖ ನೋಡಿಲ್ಲ ನಾನು. ಅದನ್ನ ಹೆಂಗೆ ವಾಪಸ್ ಕೊಡ್ತಿ?”

ಅವಳು ಒಳಗೆ ಕೂಗಿ ಸೊಸೆಯನ್ನು ಕರೆದಳು. ಸೊಸೆ ಬಂದು ಬಾಗಿಲಲ್ಲಿ ನಿಂತಾಗ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇನ್ನೊಮ್ಮೆ ಹೇಳು ಎಂದಳು. ಸೊಸೆಗೆ ಮೊದಲೇ ಗೊತ್ತಿತ್ತು. ಆದರೂ ಇನ್ನೊಮ್ಮೆ ಹೇಳಿದೆ. ಅಷ್ಟಕ್ಕೆ ಬಿಡಲಿಲ್ಲ ಅವಳು. ಉಳಿದ ನಾಲ್ಕು ಮನೆಗೂ ಹೋಗಿ ಹೇಳಬೇಕು, ಅವರ ಮನೆಯವರ ಎದುರಿಗೇ ಹೇಳಬೇಕು ಎಂದಳು.

“ನನ್ನ ಹೆಸ್ರು ನಾಕು ಮನ್ಯಾಗ ಕೆಟ್ಟೈತೆ. ನಾನು ಹೋಗಿ ತೊಳ್ಕಂಡ್ರೆ ಹೋಗಾದಲ್ಲ.”

ನಾಲ್ಕು ಮನೆಗೆ ಎಂಟು ದಿನ ಹಿಡಿಯಿತು. ಗದ್ದೆಗೆ ಹೋದವರು ಬರುವವರೆಗೆ ಜಗುಲಿಯಲ್ಲಿ ಕಾಯುತ್ತಿದ್ದೆ. ಒಂದು ಮನೆಯಲ್ಲಿ ಗಂಡ, ಹೆಂಡತಿಯನ್ನು ಇನ್ನು ಕಳಿಸುವುದಿಲ್ಲ ಎಂದು ಕೂಗಾಡಿದ. ಹೋಗುವುದು ಬಿಡುವುದು ತನ್ನಿಷ್ಟ ಎಂದು ಹೆಂಡತಿ ಒಳಗಿನಿಂದಲೇ ಉತ್ತರ ಕೊಟ್ಟಳು. ಇನ್ನೊಂದು ಮನೆಯಲ್ಲಿ, ನಾನು ಮಾತ್ರೆ ಕೊಟ್ಟಿದ್ದವರಲ್ಲಿ ಒಬ್ಬಳು, ಅದಕ್ಕೇನಂತೆ ಮೇಡಂ, ಊಟ ಮಾಡ್ಕೊಂಡು ಹೋಗ್ರಿ ಎಂದಳು. ಆ ಊಟವೇ ಎಲ್ಲಕ್ಕಿಂತ ಕಷ್ಟವಾಯಿತು. ಮೂರನೆಯವಳ ಅತ್ತೆ ನನ್ನನ್ನು ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ಕೇಳಿಸಿಕೊಂಡು ಬಾಗಿಲು ಹಾಕಿದಳು.

ಕೊನೆಯ ಮನೆ ನಂದಿಗುಡಿಯಲ್ಲಿ. ಅದು ಶ್ರಾವಣದ ಕೊನೆಯ ಸೋಮವಾರ. ಮಠದ ಕಡೆ ಹೋಗುವ ಜನರಿಂದ ಬಸ್ಸು ತುಂಬಿತ್ತು, ದಾರಿಯುದ್ದಕ್ಕೂ ನಿಂತೇ ಹೋದೆ. ಆ ಮನೆಯವಳು ಸಂಘದಲ್ಲಿ ಎಲ್ಲರಿಗಿಂತ ಕಿರಿಯಳು. ಪೂರ್ತಿ ಕೇಳಿಸಿಕೊಂಡು, ಬೆಳಗ್ಗೆಯೇ ಸುದ್ದಿ ಬಂತು, ದೊಡ್ಡವ್ವ ನಾಡಿದ್ದಿನಿಂದ ಭಟ್ಟಿಗೆ ಬರುತ್ತಾಳಂತೆ, ನಾನೂ ಹೋಗುತ್ತೇನೆ ಎಂದಳು. ನನಗೆ ಬರಲು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದಾಗ ಸಂಜೆಯಾಗಿತ್ತು. ಕಾಲು ತೊಳೆದುಕೊಂಡು ಅನ್ನ ಸಾರು ಊಟ ಮಾಡಿ, ಸ್ವಲ್ಪ ಹೊತ್ತು ಹೊರಳೋಣವೆಂದು ಚಾಪೆ ಹಾಸಿಕೊಂಡೆ. ಕಣ್ಣು ಬಿಟ್ಟಾಗ ಮುಂದಿನ ಬೀದಿಯಲ್ಲಿ ಶಾಲೆಯ ವ್ಯಾನು ಹಾರನ್ ಹೊಡೆಯುತ್ತಿತ್ತು, ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗದ ಹಾಗೆ ಒಂದೊಂದನ್ನೇ ಎತ್ತಿಡುತ್ತಿದ್ದಳು. ನಾನು ಎದ್ದು ಕೂತದ್ದನ್ನು ನೋಡಿ, ಮಂಗಳವಾರ ಕಣೆ, ಹಲ್ಲುಜ್ಜು ಎಂದಳು.